ನಿಮ್ಮಪ್ಪನನ್ನು ಒಮ್ಮೆ ಕೇಳು

ಪ್ರೀತಿಯ ಗೆಳೆಯಾ,

ರಾತ್ರಿ ನಿನ್ನ ಮೆಸೇಜ್ ನೋಡಿದೆ. ನಿಮ್ಮಪ್ಪನಿಗೆ ಇನ್ನು ಚಿಕಿತ್ಸೆ ಬೇಡ, ನೋವಾಗದ ಹಾಗೆ ನೋಡಿಕೊಳ್ಳೋಣ ಅಂತ ಡಾಕ್ಟರು ಹೇಳಿದರು ಅಂದೆ. ಕೊನೆಗೆ ಒಂದೇ ಸಾಲು, "ಡೆತ್ ಡೂಲಾ ಅಂತಾರಲ್ಲ, ನಮ್ಮ ರೀತಿನೀತಿ ಗೊತ್ತಿರೋರು ಸಿಗ್ತಾರಾ?" ಫೋನಿನಲ್ಲಾದರೆ ಅರ್ಧ ಮರೆತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟುವಾಗ ಪಕ್ಕದಲ್ಲಿ ಸೂಲಗಿತ್ತಿ ಇರುತ್ತಾಳಲ್ಲ, ಹೋಗುವಾಗಲೂ ಯಾರಾದರೂ ಇರಲಿ ಅನ್ನುವ ಯೋಚನೆ ಇದು. ಡೂಲಾ ಗ್ರೀಕ್ ಮಾತು, ಸೇವೆ ಮಾಡುವವಳು ಅಂತ ಅರ್ಥ. ಮೊದಲು ಹೆರಿಗೆಯ ಹೊತ್ತಿಗೆ ಜೊತೆಗಿರುವವರನ್ನು ಹಾಗೆ ಕರೆಯುತ್ತಿದ್ದರು. 2003ರಲ್ಲಿ ಹೆನ್ರಿ ಫರ್ಸ್ಕೋ-ವೈಸ್ ಅನ್ನುವ ಸಮಾಜ ಕಾರ್ಯಕರ್ತರು ನ್ಯೂಯಾರ್ಕಿನಲ್ಲಿ ಕೊನೆಗಾಲದವರ ಆರೈಕೆ ಮಾಡುವ ಒಂದು ಹಾಸ್ಪೈಸ್‌ನಲ್ಲಿ ಅದೇ ರೀತಿಯನ್ನು ಅವರಿಗೂ ತಂದರು.

ಇವರು ಇಂಜೆಕ್ಷನ್ ಕೊಡುವುದಿಲ್ಲ, ಔಷಧಿ ಬದಲಿಸುವುದಿಲ್ಲ. ಪಕ್ಕದಲ್ಲಿ ಕೂರುತ್ತಾರೆ, ಮಾತು ಕೇಳಿಸಿಕೊಳ್ಳುತ್ತಾರೆ, ಮುಂದೆ ಏನಾಗಬಹುದು ಅಂತ ಮನೆಯವರಿಗೆ ಮೊದಲೇ ತಿಳಿಸುತ್ತಾರೆ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ನಿಂತೇ ಹೋದ ಹಾಗೆ ಆಗುತ್ತದೆ. ಹಸಿವು ತಾನಾಗಿಯೇ ಹೋಗುತ್ತದೆ, ಆಗ ತುಟಿ ಬಾಯಿ ಒದ್ದೆ ಮಾಡುತ್ತಿದ್ದರೆ ಸಾಕು. ನಮ್ಮಪ್ಪ ಹೋಗುವಾಗ ನಮಗೆ ಇದನ್ನು ಯಾರೂ ಹೇಳಿರಲಿಲ್ಲ ಕಣೋ. ಅಪ್ಪ ಬಾಯಿ ಬಿಗಿಹಿಡಿದಿದ್ದರೂ ನಾನು ಚಮಚ ಹಿಡಿದು ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ಕಾಡಿಸಿದೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಮನೆಮಾತು ಬರುವವರು ಸಿಕ್ಕರೆ ತುಂಬಾ ಒಳ್ಳೆಯದು, ನೋವು ಭಯ ಎಲ್ಲ ಆ ಮಾತಿನಲ್ಲೇ ಸಲೀಸಾಗಿ ಹೊರಗೆ ಬರೋದು ಅಲ್ವಾ. ಆದರೆ ನಮ್ಮವರು ಅಂದ ಮಾತ್ರಕ್ಕೆ ನಿಮ್ಮಪ್ಪನ ಮನಸ್ಸು ಅವರಿಗೆ ಗೊತ್ತಿರುತ್ತೆ ಅಂದುಕೊಳ್ಳಬೇಡ. ನಮ್ಮನೆಗೆ ಬಂದವರು ನಮ್ಮವರೇ, ಒಳ್ಳೆಯವರೇ. ಬಂದ ಕೂಡಲೇ ತಲೆದೆಸೆಯಲ್ಲಿ ಕೂತು ಪ್ರಾರ್ಥನೆ ಶುರುಮಾಡಿದರು. ಅಪ್ಪ ದೇವರಿಗೆ ಕೈಮುಗಿದು ವರ್ಷಗಳೇ ಆಗಿದ್ದವು. ಮೆಲ್ಲಗೆ ಗೋಡೆ ಕಡೆ ಹೊರಳಿಕೊಂಡರು. ತಪ್ಪು ನಮ್ಮದೇ. ನಿಮಗೆ ಏನು ಬೇಕು ಅಂತ ಅಪ್ಪನನ್ನು ನಾವೂ ಕೇಳಿರಲಿಲ್ಲ.

ಅದಕ್ಕೇ ಡೂಲಾ ಹುಡುಕುವ ಮೊದಲು ನಿಮ್ಮಪ್ಪನನ್ನು ಕೇಳು. ಕೋಣೆಯಲ್ಲಿ ಯಾರಿರಬೇಕು, ಯಾರು ಬೇಡ, ಮೈ ಒರೆಸುವವರು ಗಂಡಸಾಗಿರಬೇಕಾ, ಪ್ರಾರ್ಥನೆ ಬೇಕಾ ಸುಮ್ನೆ ಕೂತರೆ ಸಾಕಾ, ಕಾಯಿಲೆ ಎಲ್ಲಿಗೆ ಬಂತು ಅನ್ನೋದು ಅವರಿಗೇ ತಿಳಿಯಬೇಕಾ ಅಥವಾ ನಿನಗೆ ಹೇಳಿದರೆ ಸಾಕಾ, ಉಸಿರು ನಿಂತ ಮೇಲೆ ಯಾರು ಮುಟ್ಟಬೇಕು, ಎಷ್ಟು ಹೊತ್ತು ಹಾಗೇ ಬಿಡಬೇಕು. ಒಂದೇ ದಿನ ಎಲ್ಲ ಕೇಳಬೇಡ, ಸುಸ್ತಾಗುತ್ತಾರೆ. ಅವರು ಹೇಳಿದ ಮಾತಲ್ಲೇ ಬರೆದಿಟ್ಟುಕೋ.

ಆಮೇಲೆ ನಿಮ್ಮ ಪ್ಯಾಲಿಯೇಟಿವ್ ಕೇರ್ ನರ್ಸನ್ನು, ಅಂದರೆ ನೋವಾಗದ ಹಾಗೆ ನೋಡಿಕೊಳ್ಳುವ ನರ್ಸನ್ನು, ವಿಚಾರಿಸು, ಇಂಥವರ ಪರಿಚಯ ಅವರಿಗೆ ಇರಬಹುದು. ಇಂಥ ಡೂಲಾಗಳಿಗೆ ತರಬೇತಿ ಕೊಡೋಕೆ ಹೆನ್ರಿ ಅವರೇ ಸೇರಿ 2015ರಲ್ಲಿ ಕಟ್ಟಿದ ಐನೆಲ್ಡಾ ಸಂಸ್ಥೆಯ ಪಟ್ಟಿಯನ್ನೂ ನೋಡು. ಸರ್ಟಿಫಿಕೇಟ್ ಇದ್ದರೆ ತರಬೇತಿ ಆಗಿದೆ ಅಂತ ಅರ್ಥ, ಅದು ಡಾಕ್ಟರ ಲೈಸೆನ್ಸ್ ಥರ ಅಲ್ಲ. ಫೀಸು ಎಷ್ಟು, ಅದರಲ್ಲಿ ಏನೇನು ಸೇರಿದೆ, ನಡುರಾತ್ರಿ ಕರೆದರೆ ಬರುತ್ತಾರಾ, ಅವರಿಗೆ ಆಗದಿದ್ದರೆ ಯಾರು ಬರುತ್ತಾರೆ ಅಂತ ಮೊದಲೇ ಕೇಳಿಬಿಡು.

ನಮ್ಮ ರೀತಿ ನಿಮಗೆ ಗೊತ್ತಿಲ್ಲದಿದ್ದರೆ ಏನು ಮಾಡುತ್ತೀರಿ ಅಂತಲೂ ಕೇಳು. "ನನಗೆಲ್ಲಾ ಗೊತ್ತು" ಅನ್ನುವವರು ನನಗಂತೂ ಬೇಡ. "ನಿಮ್ಮನ್ನೇ ಕೇಳುತ್ತೇನೆ" ಅಂದವರನ್ನು ಒಳಗೆ ಕರೆದುಕೊಂಡು ಹೋಗು. ಮಂಚದ ಪಕ್ಕ ನಿಂತಾಗ ನಿಮ್ಮಪ್ಪನ ಜೊತೆ ಮಾತಾಡುತ್ತಾರಾ, ಅವರ ಎದುರಿಗೇ ನಿನ್ನ ಹತ್ತಿರ ಮಾತ್ರ ಮಾತಾಡುತ್ತಾರಾ, ಅದನ್ನು ಗಮನಿಸು.

ಭಾನುವಾರ ನಾನು ಬರುತ್ತೇನೆ. ಕೇಳಲು ನಿನಗೆ ಬಾಯಿ ಬಾರದಿದ್ದರೆ ನಾನು ಶುರುಮಾಡುತ್ತೇನೆ, ನೀನು ಬರೆದುಕೋ. ನಾನು ಬರುತ್ತೇನೆ ಅಂತ ಅವರಿಗೆ ಹೇಳಿಡು.

ನಿನ್ನ ಗೆಳೆಯ