ಬಸ್ಸಿನಲ್ಲಿ ಉಪದ್ರ ಯಾರದ್ದು?

ಮಾನ್ಯ ಸಂಪಾದಕರೇ,

'ಈಗಿನ ಮಕ್ಕಳಿಗೆ ದೊಡ್ಡವರೆಂದರೆ ಲೆಕ್ಕಕ್ಕೇ ಇಲ್ಲ' ಎಂಬ ದೂರನ್ನು ಕದ್ರಿ ಪಾರ್ಕಿನ ಬೆಂಚಿನಲ್ಲೂ, ಮದುವೆ ಹಾಲ್‌ನಲ್ಲೂ ಕೇಳಿ ಕೇಳಿ ಸಾಕಾಗಿದೆ. ನನಗೂ ಎಪ್ಪತ್ತು ದಾಟಿತು. ಆದರೆ ಈ ದೂರಿಗೆ ನನ್ನ ಸಹಿ ಇಲ್ಲ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ಗೆ ಹೋಗುವ ಸಿಟಿ ಬಸ್ಸನ್ನೇ ನೋಡಿ. ಕಾಲೇಜು ಬಿಟ್ಟ ಹೊತ್ತು. ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಂಬಿ ಹಿಡಿದು ಸುಮ್ನೆ ನಿಂತಿರುತ್ತಾನೆ. ನಮಗೆ ಅದು ಅಹಂಕಾರ. ಅವನ ಪಕ್ಕದ ಸೀಟಿನಲ್ಲಿ ನಮ್ಮ ಪ್ರಾಯದವರೊಬ್ಬರು ವಾಟ್ಸ್ಆ್ಯಪ್‌ಗೆ ಬಂದ ವಿಡಿಯೊವನ್ನು ಪೂರ್ತಿ ಸೌಂಡ್ ಕೊಟ್ಟು ನೋಡುತ್ತಿರುತ್ತಾರೆ. ಅದು ಮುಗಿಯುವಾಗ ದುಬೈಯಿಂದ ಮಗನ ಕಾಲ್, ಅದೂ ಸ್ಪೀಕರ್‌ನಲ್ಲಿ. ಸೊಸೆಗೆ ರಜೆ ಸಿಗದ ವಿಷಯ ಇಡೀ ಬಸ್ಸಿಗೆ ಗೊತ್ತಾಗುತ್ತದೆ. ಇಲ್ಲಿ ಉಪದ್ರ ಯಾರದ್ದು?

ಬ್ಯಾಗಿನ ವಿಷಯವೂ ಅಷ್ಟೇ. ನಿಂತ ಮಕ್ಕಳ ಬ್ಯಾಗನ್ನು ಕೂತವರು ಕೇಳದೆಯೇ ತೊಡೆ ಮೇಲೆ ಇಟ್ಟುಕೊಳ್ಳುವುದು ನಮ್ಮ ಬಸ್ಸುಗಳ ಹಳೆಯ ಪದ್ಧತಿ. ಈಗ 'ಅಂಕಲ್, ಒಂಚೂರು ಹಿಡ್ಕೊಳ್ತೀರಾ' ಎಂದರೂ ಕಿಟಕಿಯಾಚೆ ಮುಖ ತಿರುಗಿಸುವ ಹಿರಿಯರಿದ್ದಾರೆ. ಸೀಟು ಬಿಟ್ಟುಕೊಟ್ಟ ಹುಡುಗಿಯ ಮುಖವನ್ನೂ ನೋಡದೆ ಕೂತುಬಿಡುವವರಂತೂ ಜಾಸ್ತಿ.

'ಮಕ್ಕಳು ದೊಡ್ಡವರಿಗೆ ಮರ್ಯಾದೆ ಕೊಡುವುದಿಲ್ಲ ಎಂದು ಸಾಕ್ರೆಟಿಸನೇ ಹೇಳಿದ್ದ' ಎಂಬ ಮೆಸೇಜು ನಮ್ಮ ಗ್ರೂಪುಗಳಲ್ಲಿ ಆಗಾಗ ಬರುತ್ತದೆ. ಅದು ಅವನ ಮಾತಲ್ಲ. 1907ರಲ್ಲಿ ಕೇಂಬ್ರಿಜ್‌ನ ಕೆನೆತ್ ಜಾನ್ ಫ್ರೀಮನ್ ಎಂಬ ವಿದ್ಯಾರ್ಥಿಯ ಪ್ರಬಂಧ ಪ್ರಕಟವಾಯಿತು. ಹಳೆಯ ಗ್ರೀಕರು ಮಕ್ಕಳ ಬಗ್ಗೆ ಹೇಳುತ್ತಿದ್ದ ದೂರುಗಳನ್ನೆಲ್ಲ ಅವನು ಅದರಲ್ಲಿ ಒಟ್ಟು ಮಾಡಿ ಬರೆದ ಸಾಲುಗಳವು. ಅಂತೂ ದೂರು ಹಳತೇ, ಅಲ್ವಾ?

ಇದಕ್ಕಿಂತ ಚುರುಕು ಮುಟ್ಟಿಸುವುದು 2019ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ. ಜಾಸ್ತಿ ಓದುವವರಿಗೆ 'ಈಗಿನವರು ಓದುವುದಿಲ್ಲ' ಎನಿಸುತ್ತದಂತೆ. ಹೇಳಿದ ಮಾತು ನಡೆಯಲೇಬೇಕು ಎನ್ನುವವರಿಗೆ 'ಈಗಿನವರಿಗೆ ಮರ್ಯಾದೆ ಇಲ್ಲ' ಎನಿಸುತ್ತದಂತೆ. ನಮ್ಮ ಬೆಂಚಿನ ಕೆಲವರ ಮುಖ ನನ್ನ ಕಣ್ಣೆದುರು ಬಂತು. ಹೆಸರು ಬೇಡ.

ಹಾಗಂತ ಹುಡುಗರೆಲ್ಲ ಸಾಚಾ ಅಂತಲ್ಲ. ನಂತೂರು ಸರ್ಕಲ್‌ನಲ್ಲಿ ಎಡಗಡೆಯಿಂದ ನುಗ್ಗುವ ಬೈಕುಗಳನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಅದನ್ನು ಪೊಲೀಸರು ನೋಡಿಕೊಳ್ಳಲಿ. ಮನೆಗೆ ನೆಂಟರು ಬಂದಾಗ ಮೊಬೈಲ್‌ನಿಂದ ತಲೆ ಎತ್ತದ ಮೊಮ್ಮಗನಿಗೆ 'ಎದ್ದು ಮಾತಾಡಿಸು ಮಾರಾಯ' ಎಂದು ನೇರ ಹೇಳುತ್ತೇನೆ. ಏಳುತ್ತಾನೆ.

ಬಸ್ಸಿನಲ್ಲೂ ಹಾಗೇ ಮಾಡಬಹುದು. ಹಿರಿಯರ ಸೀಟಿನಲ್ಲಿ ಹುಡುಗರು ಕೂತಿದ್ದರೆ ಬಾಯಿ ಬಿಟ್ಟು ಕೇಳಿ. ಕೊಡದಿದ್ದರೆ ಕಂಡಕ್ಟರ್‌ಗೆ ಹೇಳಿ. ಇಯರ್‌ಫೋನ್ ಇದ್ದವನಿಗೆ ಕೇಳಿಸದಿದ್ದರೆ ಭುಜ ತಟ್ಟಿ. ಮುಖ ಊದಿಸಿಕೊಂಡು ಸುರತ್ಕಲ್ ತನಕ ನಿಂತು, ಮನೆಗೆ ಹೋಗಿ ಪತ್ರಿಕೆಗೆ ಬರೆದರೆ ಸೀಟು ಸಿಗುವುದಿಲ್ಲ.

ಹಿರಿಯ ಓದುಗ
ಕದ್ರಿ, ಮಂಗಳೂರು