ಅತ್ತೆಗೆ, ಮತ್ತು ಉಳಿದೆಲ್ಲರಿಗೆ

ಕಸಿ ಮಾಡಿದ ಸ್ನಾಯು ಕಾಂಡಕೋಶಗಳು ಹೊಸ ಸ್ನಾಯುವನ್ನು ಕಟ್ಟುವ ಬಗೆಯನ್ನು ಕುರಿತು ನಾನು ಬರೆದ ಮಹಾಪ್ರಬಂಧ ಅಂಗೀಕಾರವಾಗಿದೆ. ತಮ್ಮನಿಗಿರುವ ಡುಶೆನ್ ಸ್ನಾಯುಕ್ಷಯದ ವಿಚಾರವಾಗಲಿ, ನಾನು ಈ ವಿಷಯವನ್ನೇ ಏಕೆ ಆರಿಸಿಕೊಂಡೆನೆಂಬುದಾಗಲಿ ನಿಮಗೆ ಹೊಸದಲ್ಲ. ಅದನ್ನು ಮತ್ತೆ ಬರೆಯುವುದಿಲ್ಲ. ಕೈಹಿಡಿದು ಕಲಿಸಿದ ಮಾರ್ಗದರ್ಶಕರು, ಬೆಂಗಳೂರಿನ ಪ್ರಯೋಗಾಲಯದ ಗೆಳೆಯರು, ಹಬ್ಬದ ದಿನವೂ ಇಲಿಗಳ ಆರೈಕೆ ತಪ್ಪಿಸದ ಪ್ರಾಣಿಗೃಹದ ಸಿಬ್ಬಂದಿ, ದಾವಣಗೆರೆಯ ನಮ್ಮ ನೆರೆಹೊರೆಯವರು, ಇವರೆಲ್ಲರ ಋಣ ನನ್ನ ಮೇಲಿದೆ.

ಆದರೆ ಈ ಬರಹ ಮುಖ್ಯವಾಗಿ ನನ್ನ ಸೋದರತ್ತೆಗೆ. ಈ ಕಾಯಿಲೆ ಬಲಿತ ಮೇಲೆ ಹುಡುಗರಿಗೆ ನಿದ್ದೆಯಲ್ಲಿ ತಾವಾಗಿಯೇ ಮಗ್ಗುಲು ಬದಲಿಸಲು ಆಗುವುದಿಲ್ಲ. ರಾತ್ರಿ ಹಲವು ಸಲ ಯಾರಾದರೂ ಎದ್ದು ಹೊರಳಿಸಬೇಕು. ಅವ್ವನ ಸೊಂಟ ಸೋತಾಗ, ಮಲೇಬೆನ್ನೂರಿನ ಕಡೆಯ ಗದ್ದೆಯನ್ನು ಮಗನಿಗೆ ಒಪ್ಪಿಸಿ ಬಂದ ಅತ್ತೆ ಆ ಕೆಲಸವನ್ನು ಯಾರೂ ಕೇಳದೆಯೇ ತನ್ನದಾಗಿಸಿಕೊಂಡರು. ನಾನು ಮರಳಿ ಬರುತ್ತೇನೆಂದಾಗಲೆಲ್ಲ ಅವರದು ಒಂದೇ ಮಾತು: “ನೀನು ಓದ್ಕ ಹೋಗವ್ವ, ಇಲ್ಲಿ ನಾನಿದೀನಿ.”

ನನ್ನ ಕೆಲಸವನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರೂ ಅವರೇ. ಸ್ನಾಯುವಿನ ಎಳೆಗೂ ಅದರ ಹೊದಿಕೆಗೂ ನಡುವೆ ಅಡಗಿರುವ ಈ ಕಾಂಡಕೋಶಗಳ ಕಸುವು ದೊಡ್ಡದು: 2005ರಲ್ಲಿ ಲಂಡನ್ನಿನ ಸಂಶೋಧಕರು ಬರೀ ಏಳರಷ್ಟು ಕೋಶಗಳಿದ್ದ ಒಂದೇ ಎಳೆಯನ್ನು ಇಲಿಗೆ ಕಸಿ ಮಾಡಿದಾಗ ನೂರಕ್ಕೂ ಹೆಚ್ಚು ಹೊಸ ಎಳೆಗಳು ಹುಟ್ಟಿದ್ದವು. ಅದೇ ಕೋಶಗಳನ್ನು ಗಟ್ಟಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಆ ಕಸುವು ಬೇಗನೆ ಕುಂದುತ್ತದೆ. ಸ್ನಾಯುವಿನಷ್ಟೇ ಮೆತುವಾದ, ಸುಮಾರು 12 ಕಿಲೋಪ್ಯಾಸ್ಕಲ್ ಗಡಸಿನ ಹಾಸಿನ ಮೇಲೆ ಅದು ಉಳಿದೀತೆಂದು 2010ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ತೋರಿಸಿದರು. ಇದನ್ನು ಹೇಳಿದಾಗ ಅತ್ತೆ, ಮಡಿಯಲ್ಲಿ ಬಲಿತುಹೋದ ಭತ್ತದ ಸಸಿಯನ್ನು ನಾಟಿ ಮಾಡಿದರೆ ತೆಂಡೆ ಹೊಡೆಯುವುದಿಲ್ಲವಲ್ಲ, ಹಾಗೆಯೇ ಇರಬೇಕು ಎಂದರು. ನನ್ನ ಎರಡನೆಯ ಅಧ್ಯಾಯದ ತಿರುಳು ಅಷ್ಟೇ.

ಈ ಕಾಯಿಲೆಯಲ್ಲಿ ಸ್ನಾಯುವಿಗೆ ಕೊರತೆಯಾಗುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇಲ್ಲದ ಇಲಿಯ ಕಾಲಿನಲ್ಲಿ, ನಾನು ಕಸಿ ಮಾಡಿದ ಕೋಶಗಳಿಂದ ಹುಟ್ಟಿದ ಎಳೆಗಳ ಸುತ್ತ ಆ ಪ್ರೋಟೀನು ಉಂಗುರ ಉಂಗುರವಾಗಿ ಮೊದಲ ಬಾರಿ ಹೊಳೆದ ವಾರದಲ್ಲೇ ತಮ್ಮನಿಗೆ ಉಸಿರು ಸಾಲದಾಯಿತು. ನಾನು ರೈಲಿನಲ್ಲಿದ್ದೆ. ಅವನು ಗಾಬರಿಯಿಂದ ಮುಖ ಕೊಡವುತ್ತಿದ್ದ ಆ ರಾತ್ರಿಯಿಡೀ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕನ್ನು ಅತ್ತೆ ಎರಡೂ ಕೈಯಿಂದ ಹಿಡಿದು, ಅವನ ಕಿವಿಯ ಹತ್ತಿರ ಮಾತಾಡುತ್ತಲೇ ನಿಂತಿದ್ದರಂತೆ. ಬೆಳಿಗ್ಗೆ ನಾನು ತಲುಪಿದಾಗ ಅವರ ಬೆರಳುಗಳು ಮಡಚಲು ಬರುತ್ತಿರಲಿಲ್ಲ. ಒಂದು ಇಲಿಗೆ ಸಿಕ್ಕದ್ದು ನನ್ನ ತಮ್ಮನಿಗೆ ಏಕೆ ಸಿಗಬಾರದು ಎಂದು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಎಲ್ಲವನ್ನೂ ಬಿಟ್ಟುಬಿಡುತ್ತೇನೆಂದೂ ಹೇಳಿದೆ. ಅತ್ತೆ ಅದಕ್ಕೆ ಉತ್ತರ ಕೊಡದೆ ನನಗೆ ಇಡ್ಲಿ ತಿನ್ನಿಸಿದರು. ಮೂರನೆಯ ದಿನ ಬೆಂಗಳೂರಿನ ರೈಲು ಹತ್ತಿಸಿದರು.

ಈ ಕೆಲಸ ಇಂದಿಗೆ ಚಿಕಿತ್ಸೆಯಲ್ಲ ಎಂಬುದನ್ನು ಹಾರೈಸಿದವರಿಗೆ ಸ್ಪಷ್ಟವಾಗಿ ತಿಳಿಸುವುದು ನನ್ನ ಕರ್ತವ್ಯ. 1990ರ ದಶಕದಲ್ಲಿ ಈ ಕಾಯಿಲೆಯ ಹುಡುಗರಿಗೆ ತಟ್ಟೆಯಲ್ಲಿ ಬೆಳೆಸಿದ ಸ್ನಾಯುಕೋಶಗಳನ್ನು ಚುಚ್ಚಿ ನೋಡಿದ್ದರು, ಬಲ ಹೆಚ್ಚಲಿಲ್ಲ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ, ಉಳಿದವು ಸೂಜಿ ಹೋದ ದಾರಿಯಿಂದ ಹೆಚ್ಚು ದೂರ ಸರಿಯುವುದಿಲ್ಲ. ದುಬಾರಿ ಹಣಕ್ಕೆ ಕಾಂಡಕೋಶದ ಇಂಜೆಕ್ಷನ್ ಕೊಡುತ್ತೇವೆನ್ನುವವರ ಬಳಿಗೆ ದಯವಿಟ್ಟು ಯಾರೂ ಮಕ್ಕಳನ್ನು ಕರೆದೊಯ್ಯಬೇಡಿ.

ತಮ್ಮನೀಗ ರಾತ್ರಿ ಯಂತ್ರದ ನೆರವಿನಿಂದ ನೆಮ್ಮದಿಯಾಗಿ ನಿದ್ರಿಸುತ್ತಾನೆ. ಪ್ರಬಂಧವನ್ನು ಪೂರ್ತಿ ಓದಿ ಅವನು ಕೇಳಿದ್ದು ಒಂದೇ ಪ್ರಶ್ನೆ: ಕಾಲಿನ ಸ್ನಾಯುವಿಗೆ ಸೂಜಿ ಹಾಕಬಹುದು, ಉಸಿರಾಡಿಸಲು ಸದಾ ಅಲುಗುವ ಎದೆಯ ಕೆಳಗಿನ ತೆಳ್ಳನೆಯ ಸ್ನಾಯು ವಪೆಗೆ ಕೋಶಗಳನ್ನು ಹೇಗೆ ಮುಟ್ಟಿಸುತ್ತೀ ಅಕ್ಕಾ? ಮುಂದಿನ ತಿಂಗಳಿನಿಂದ ನಾನು ಕೈಗೆತ್ತಿಕೊಳ್ಳುವುದು ಅದನ್ನೇ.