ಮಗಳಿಗೊಂದು ಪತ್ರ: ಕಂತಿನ ಪಕ್ಕದ ಇನ್ನೊಂದು ಕಂತು

ಪ್ರೀತಿಯ ಪುಟ್ಟಿ,

ನೀನು ಸಾಲ ಮಾಡಿ ಕೊಳ್ಳಹೊರಟಿರುವ ಮ್ಯಾಂಚೆಸ್ಟರಿನ ಆ ಹೊಸ ಫ್ಲ್ಯಾಟಿನ ಸರ್ವಿಸ್ ಚಾರ್ಜ್ ಹಾಳೆಯ ಫೋಟೋವನ್ನು ನಿನ್ನೆ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದೆ. ಲಿಫ್ಟ್, ಮೆಟ್ಟಿಲ ದೀಪ, ಕಟ್ಟಡದ ವಿಮೆ, ಜಿಮ್, ಬಾಗಿಲ ಬಳಿ ಕೂರುವವರ ಸಂಬಳ, ನಿರ್ವಹಣೆಯ ಏಜೆಂಟರ ಶುಲ್ಕ. ಕೊನೆಯ ಸಾಲಿನ ಮೇಲೆ ನಿನ್ನ ಹೆಬ್ಬೆರಳು ಕುಳಿತಿದೆ. ಒಟ್ಟು ವರ್ಷಕ್ಕೆ 3,000 ಪೌಂಡ್. "ಅದೇನು ಮಹಾ, ಅಮ್ಮ, ನಿಮ್ಮ ಮೇಂಟೆನೆನ್ಸ್ ಇದ್ದ ಹಾಗೆ" ಎಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯೆ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕುಳಿತಿದ್ದ ಕಾಲದಲ್ಲಿ ಮೇಷ್ಟ್ರೊಬ್ಬರು ಮನೆ ಸಾಲಕ್ಕೆ ಬಂದಿದ್ದರು. ಅರ್ಜಿ ಅಚ್ಚುಕಟ್ಟು, ಸಂಬಳದ ಚೀಟಿ ಸರಿ. ಪಾಸ್‌ಬುಕ್ ತಿರುವಿದರೆ ಪ್ರತಿ ತಿಂಗಳ ಐದನೇ ತಾರೀಕು ಒಂದೇ ಮೊತ್ತ ಹೊರಗೆ ಹೋಗುತ್ತಿತ್ತು. ಕೇಳಿದಾಗ ತಲೆ ತಗ್ಗಿಸಿ, "ಚೀಟಿ ಕಟ್ಟುತ್ತಿದ್ದೇನೆ ಮೇಡಂ, ಅದು ಸಾಲವಲ್ಲವಲ್ಲ" ಎಂದರು. ಸಾಲವಲ್ಲ, ನಿಜ. ಆದರೆ ಕಂತು ಕಟ್ಟಬೇಕಾದ ಕೈಯಿಂದಲೇ ಅದೂ ಹೋಗಬೇಕು. ಅವರಿಗೆ ಮಂಜೂರಾದ ಸಾಲ ಅಷ್ಟರಮಟ್ಟಿಗೆ ಇಳಿಯಿತು.

ನಿನ್ನ ಸರ್ವಿಸ್ ಚಾರ್ಜ್ ಆ ಚೀಟಿಯ ಹಾಗೆಯೇ. ತಿಂಗಳಿಗೆ 250 ಪೌಂಡ್ ಎಂದರೆ ಶೇಕಡ 5ರ ಬಡ್ಡಿಗೆ, 30 ವರ್ಷದ ಅವಧಿಗೆ, ಸುಮಾರು 46,500 ಪೌಂಡ್ ಸಾಲದ ಕಂತು. ಬ್ಯಾಂಕು ಅಷ್ಟನ್ನೂ ಕತ್ತರಿಸಿಯೇ ತೀರುತ್ತದೆ ಎಂದಲ್ಲ. ವರ್ಷದ ಸಂಬಳದ ನಾಲ್ಕೂವರೆ ಪಟ್ಟಿನ ಆಸುಪಾಸಿನ ಸಾಲದ ಮಿತಿ ಮೊದಲೇ ತಡೆದರೆ ಇದು ಕಣ್ಣಿಗೆ ಬೀಳದೆಯೂ ಹೋಗಬಹುದು. ಕಾರಿನ ಕಂತನ್ನೂ ಕಟ್ಟುತ್ತಿರುವ ನಿನಗೆ ಖಂಡಿತ ಬೀಳುತ್ತದೆ.

ಮೊದಲ ವರ್ಷದ ಸರ್ವಿಸ್ ಚಾರ್ಜನ್ನು ಬಿಲ್ಡರೇ ಕಟ್ಟುತ್ತಾರಂತೆ, ಒಳ್ಳೆಯದು. ಅಂಥ ಉಡುಗೊರೆಗಳನ್ನು ಒಂದು ನಮೂನೆಯಲ್ಲಿ ಬರೆದು ಸಾಲ ಕೊಡುವವರಿಗೆ ತಿಳಿಸಬೇಕು, ಅವರು ಅದನ್ನು ನೋಡಿಯೇ ಮನೆಯ ನಿಜವಾದ ಬೆಲೆ ಕಟ್ಟುತ್ತಾರೆ. ಎರಡನೆಯ ವರ್ಷದಿಂದ ಕಟ್ಟುವವಳು ನೀನು. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಹಳೆಯ ಕಟ್ಟಡವಾದರೆ ಮೂರು ವರ್ಷದ ಲೆಕ್ಕ ತರಿಸಿ ನೋಡಬಹುದು. ಹೊಸದಕ್ಕೆ ಲೆಕ್ಕವೇ ಇಲ್ಲ, ಇರುವುದು ಅಂದಾಜು ಮಾತ್ರ. ಅಂದಾಜು ಬರೆದವರು ಮನೆ ಮಾರಬೇಕಾದವರು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರಕ್ಕೆ ಬೆಂಕಿ ಬಿದ್ದು 72 ಜನ ಸತ್ತ ಮೇಲೆ ಅಲ್ಲಿ ಎಷ್ಟೋ ಕಟ್ಟಡಗಳ ವಿಮೆ ಹೇಗೆ ಏರಿತೆಂದು ನಿನಗೇ ಗೊತ್ತು. ನಾಲ್ಕು ವರ್ಷದ ನಂತರ ನೀನು ಮಾರಲು ಹೊರಟಾಗ, ನಿನ್ನಿಂದ ಕೊಳ್ಳುವವರ ಬ್ಯಾಂಕು ಅಂದಾಜನ್ನಲ್ಲ, ಏರಿದ ಮೊತ್ತವನ್ನೇ ಹಿಡಿದು ಅವರ ಸಾಲ ಅಳೆಯುತ್ತದೆ. ಒಂದೇ ಚಾರ್ಜು ಕೊಳ್ಳುವಾಗ ನಿನ್ನ ಸಾಲ ಕಚ್ಚುತ್ತದೆ, ಮಾರುವಾಗ ನಿನ್ನ ಬೆಲೆ ಕಚ್ಚುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಂತೆ ಎಂದುಕೊಳ್ಳಬೇಡ. ಇಲ್ಲಿ ನೆಲದಲ್ಲೂ ನಮಗೊಂದು ಪಾಲಿದೆ, ಸಂಘದ ಸಭೆಯಲ್ಲಿ ನಿಮ್ಮಪ್ಪ ಪಂಪ್ ರಿಪೇರಿಯ ಬಿಲ್ಲಿಗಾಗಿ ಕಾರ್ಯದರ್ಶಿಗಳ ಜೊತೆ ಒಂದು ಗಂಟೆ ಜಗಳವಾಡಬಹುದು. ಆಡುತ್ತಾರೆ ಕೂಡ. ನಿನ್ನದು ಲೀಸ್‌ಹೋಲ್ಡ್, ನೆಲದ ಒಡೆಯರು ಬೇರೆ, ಏಜೆಂಟರನ್ನು ಸಾಮಾನ್ಯವಾಗಿ ಅವರೇ ಗೊತ್ತುಮಾಡುತ್ತಾರೆ. ಒಂದು ದುರಸ್ತಿಗೆ ನಿನ್ನ ಪಾಲು 250 ಪೌಂಡ್ ಮೀರುವುದಾದರೆ ನಿಮ್ಮನ್ನು ಮೊದಲು ಕೇಳಬೇಕು, ಚಾರ್ಜು ಅನ್ಯಾಯವೆನಿಸಿದರೆ ನ್ಯಾಯಮಂಡಳಿಗೆ ಹೋಗಬಹುದು ಎಂದು 1985ರ ಕಾಯ್ದೆ ಹೇಳುತ್ತದೆ, ಅದೊಂದು ಆಸರೆ. ಹೊಸ ಲೀಸುಗಳಿಗೆ 2022ರ ಜೂನ್ 30ರಿಂದ ನೆಲಬಾಡಿಗೆ ಇಲ್ಲ, ಆ ಚಿಂತೆ ಬಿಡು.

"ಹಾಗಾದರೆ ಊರಾಚೆ ನೆಲವೂ ನನ್ನದೇ ಆಗುವ ಫ್ರೀಹೋಲ್ಡ್ ಮನೆಯನ್ನೇ ಕೊಳ್ಳುತ್ತೇನೆ" ಎನ್ನುತ್ತೀಯೆ, ಗೊತ್ತು. ಹೊಸ ಬಡಾವಣೆಗಳಲ್ಲಿ ಅಲ್ಲೂ ಇದರ ತಂಗಿಯೊಬ್ಬಳಿದ್ದಾಳೆ. ರಸ್ತೆ, ಹುಲ್ಲುಹಾಸು, ಮಕ್ಕಳ ಆಟದ ಜಾಗವನ್ನು ಸ್ಥಳೀಯ ಕೌನ್ಸಿಲ್ ವಹಿಸಿಕೊಳ್ಳದಿದ್ದರೆ ಖಾಸಗಿ ಕಂಪನಿ ನೋಡಿಕೊಂಡು ಪ್ರತಿ ಮನೆಯಿಂದ ವಸೂಲಿ ಮಾಡುತ್ತದೆ. ಮೊತ್ತ ಚಿಕ್ಕದಿರಬಹುದು, ಆದರೆ ಕರಾರು ಓದು. ವಸೂಲಿಯನ್ನು ರೆಂಟ್‌ಚಾರ್ಜ್ ರೂಪದಲ್ಲಿ, ಅಂದರೆ ಆ ಆಸ್ತಿಗೇ ಅಂಟಿಕೊಂಡ ಹೊರೆಯಾಗಿ, ಬರೆದಿದ್ದರೆ, 1925ರ ಕಾನೂನೊಂದರ ಪ್ರಕಾರ 40 ದಿನ ಬಾಕಿ ಉಳಿದರೂ ಮನೆಯ ಮೇಲೆ ಕೈಯಿಡುವ ದಾರಿ ತೆರೆದುಕೊಳ್ಳುತ್ತದೆ. ಕೆಲವು ಪೌಂಡಿನ ಬಾಕಿಗೆ ತಮ್ಮ ಅಡಮಾನವೇ ಅಲುಗಾಡುವುದನ್ನು ಯಾವ ಬ್ಯಾಂಕು ಒಪ್ಪುತ್ತದೆ? ಕರಾರು ತಿದ್ದಿಸಿಕೊಂಡು ಬನ್ನಿ ಎಂದು ಹಲವರು ಹೇಳುತ್ತಾರೆ, ತಿದ್ದುವ ಖರ್ಚು ಕೊನೆಗೆ ಯಾರ ತಲೆಗೆ ಬರುತ್ತದೋ ನೋಡಿಕೋ. ಬಿಲ್ಡರು ಸೂಚಿಸಿದ ಸಾಲಿಸಿಟರ್, ಅಂದರೆ ವಕೀಲರು, ಬೇಡ, ನೀನೇ ಒಬ್ಬರನ್ನು ಹುಡುಕಿಕೋ.

ಮನೆ ಕೊಳ್ಳಬೇಡ ಎನ್ನುತ್ತಿಲ್ಲ. ಬಾಲ್ಕನಿ ನನಗೂ ಇಷ್ಟವಾಯಿತು, ಒಂದು ತುಳಸಿ ಕುಂಡಕ್ಕೆ ಬಿಸಿಲು ಸಾಲಬಹುದು. ಭಾನುವಾರ ಫೋನು ಮಾಡುವಾಗ ಆ ಹಾಳೆ ಎದುರಿಗಿರಲಿ. ಲಿಫ್ಟ್ ಕೆಟ್ಟಾಗ, ಛಾವಣಿ ಸೋರಿದಾಗ ಬಳಸುವ ಮೀಸಲು ನಿಧಿಗೆ ವರ್ಷಕ್ಕೆ ಎಷ್ಟು ಇಟ್ಟಿದ್ದಾರೆಂದು ಹುಡುಕಿದೆ, ಸಿಗಲಿಲ್ಲ. ನಿನ್ನ ಹೆಬ್ಬೆರಳಿನ ಕೆಳಗಿದೆ ಎಂದು ಕಾಣುತ್ತದೆ. ಬೆರಳು ತೆಗೆದು ಇನ್ನೊಂದು ಫೋಟೋ ಕಳುಹಿಸು.

ಇಂತಿ ನಿನ್ನ
ಅಮ್ಮ